ಯಾರ ಶಿಷ್ಯ, ಏನು ಬಲ್ಲ, ಏನಾದ: ಚೀನಾದ ಸಮರಕಲೆಗಳಲ್ಲಿ ದರ್ಜೆಯ ತತ್ವ



1998ರಲ್ಲಿ ಚೀನಾದ ವುಶು (ಸಮರಕಲೆ) ಆಡಳಿತ ಮೂವರು ಹಿರಿಯರಿಗೆ ಒಂಬತ್ತನೆಯ ‘ದುವಾನ್’ ಎಂಬ ದರ್ಜೆಯನ್ನು ಪ್ರದಾನ ಮಾಡಿತು. ಚಿನ್ನದ ಡ್ರ್ಯಾಗನ್ ಅದರ ಲಾಂಛನ. ಅದರಾಚೆಗೆ ಏರಲು ಮೆಟ್ಟಿಲಿಲ್ಲ. ಅವರಲ್ಲಿ ಜಾಂಗ್ ವೆನ್‌ಗುವಾಂಗ್ 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಯುರೋಪಿನಲ್ಲಿ ಚೀನಾದ ಸಮರಕಲೆಯನ್ನು ಪ್ರದರ್ಶಿಸಿದ ತಂಡದಲ್ಲಿದ್ದವರು. ತ್ಸಾಯ್ ಲುಂಗ್‌ಯುನ್ 1943ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಶಾಂಘೈನ ಅಂಕಣದಲ್ಲಿ ರಷ್ಯಾ ಮೂಲದ ಬಾಕ್ಸರ್ ಒಬ್ಬನನ್ನು ಕೆಡವಿ ಹೆಸರಾದವರು. ಮೂರನೆಯವರಾದ ಹೆ ಫುಶೆಂಗ್ ನಾನ್‌ಜಿಂಗ್‌ನಲ್ಲಿ ಕಲಿತು ಯುನಾನ್ ಪ್ರಾಂತದಲ್ಲಿ ದಶಕಗಳ ಕಾಲ ಕಲಿಸಿದವರು.

ಈ ಒಂಬತ್ತು ದರ್ಜೆಗಳ ವ್ಯವಸ್ಥೆ ಜಾರಿಗೆ ಬಂದದ್ದು 1997ರಲ್ಲಿ. ಪದವಿಗೆ ಒಂದು ವರ್ಷ ವಯಸ್ಸು; ಪಡೆದವರ ವಿದ್ಯೆಗೆ ಅರ್ಧ ಶತಮಾನಕ್ಕೂ ಹೆಚ್ಚು. ಅಲ್ಲಿಯವರೆಗೆ ಇವರು ಯಾವ ದರ್ಜೆಯಲ್ಲಿದ್ದರು? ದರ್ಜೆಯೇ ಇರಲಿಲ್ಲ ಎನ್ನುವಂತಿಲ್ಲ. ಊರಿನ ಸಮರಕಲಾವಿದರೆಲ್ಲ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಯಾರು ಮೊದಲು ಕೂರಬೇಕು, ಯಾರು ಚಹಾ ಬಗ್ಗಿಸಬೇಕು ಎಂಬುದು ಯಾರೂ ಹೇಳಿಕೊಡದೆ ತೀರ್ಮಾನವಾಗುತ್ತಿತ್ತು. ಆ ತೀರ್ಮಾನದ ಹಿಂದಿನ ಲೆಕ್ಕಾಚಾರ ಏನು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಚೀನಾದ ಸಮರಕಲೆಗಳಲ್ಲಿ ಒಂದು ಏಣಿಯಿಲ್ಲ, ಮೂರಿವೆ. ಒಂದು, ‘ಇವನು ಯಾರ ಶಿಷ್ಯ?’ ಎಂದು ಕೇಳುತ್ತದೆ. ಇನ್ನೊಂದು, ‘ಇವನು ಏನು ಮಾಡಬಲ್ಲ?’ ಎಂದು ಕೇಳುತ್ತದೆ. ಮೂರನೆಯದು, ‘ಕಲಿತು ಕಲಿತು ಇವನು ಏನಾದ?’ ಎಂದು ಕೇಳುತ್ತದೆ. ಮೂರಕ್ಕೂ ಬೇರೆ ಬೇರೆ ತತ್ವಗಳಿವೆ, ಬೇರೆ ಬೇರೆ ಪರೀಕ್ಷಕರಿದ್ದಾರೆ. ಒಂದರ ಪ್ರಶ್ನೆಗೆ ಇನ್ನೊಂದರ ಉತ್ತರ ಕೊಟ್ಟಾಗಲೆಲ್ಲ ಈ ವಿದ್ಯೆ ಕೆಟ್ಟಿದೆ.

ಬೆಲ್ಟ್ ಬಂದ ದಾರಿ

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಸಮರಕಲೆ ಎಂದೊಡನೆ ನಮಗೆ ನೆನಪಾಗುವುದು ಸೊಂಟದ ಬೆಲ್ಟ್. ಬಿಳಿ, ಹಳದಿ, ಹಸಿರು, ಕೊನೆಗೆ ಕಪ್ಪು. ಇದು ಚೀನಾದ್ದಲ್ಲ, ಬಹಳ ಹಳೆಯದೂ ಅಲ್ಲ. ಜಪಾನಿನ ಶಿಕ್ಷಣತಜ್ಞ ಕನೋ ಜಿಗೊರೊ 1882ರಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೋ ಕಲಿಸತೊಡಗಿದರು. ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ‘ದಾನ್’ ದರ್ಜೆ ಕೊಟ್ಟರು. ಕಪ್ಪು ಪಟ್ಟಿ ಬಂದದ್ದು ಅದಕ್ಕೂ ಕೆಲವು ವರ್ಷ ತಡವಾಗಿ. ನಡುವಿನ ಬಣ್ಣಗಳು ಪ್ರಚಾರಕ್ಕೆ ಬಂದದ್ದು 1930ರ ದಶಕದ ಯುರೋಪಿನಲ್ಲಿ. ಬೇಗ ಬೇಗ ಪ್ರಗತಿ ಕಾಣಬಯಸುವ ಅಲ್ಲಿನ ವಿದ್ಯಾರ್ಥಿಗಳಿಗೆ ಅದು ಹಿಡಿಸಿತು.

ಕನೋ ಈ ‘ದಾನ್’ ಎಂಬುದನ್ನು ಎಲ್ಲಿಂದ ತಂದರು? ಜಪಾನಿನಲ್ಲಿ ‘ಗೋ’ ಎಂಬ ಕಪ್ಪು ಬಿಳುಪು ಕಾಯಿಗಳ ಮಣೆಯಾಟದಲ್ಲಿ ಹದಿನೇಳನೆಯ ಶತಮಾನದಿಂದಲೂ ಆಟಗಾರರಿಗೆ ಒಂಬತ್ತು ದಾನ್‌ಗಳಿದ್ದವು. ಅಲ್ಲಿಂದಲೇ ಬಂದಿರಬೇಕು ಎಂಬುದು ಸಾಮಾನ್ಯ ಅಭಿಪ್ರಾಯ. ಆ ಆಟ ಚೀನಾದ್ದು. ಅಲ್ಲಿ ಅದರ ಹೆಸರು ವೇಯ್‌ಚಿ. ಚೀನಾದ ವೇಯ್‌ಚಿ ಆಟಗಾರರನ್ನೂ ಒಂಬತ್ತು ‘ಪಿನ್’ಗಳಾಗಿ ವಿಂಗಡಿಸುತ್ತಿದ್ದರು. ಆಟಕ್ಕೂ ಮುಂಚೆ ಮನುಷ್ಯರನ್ನೇ ಹಾಗೆ ವಿಂಗಡಿಸಿದ್ದರು: ಕ್ರಿ.ಶ. 220ರಲ್ಲಿ ವೇಯ್ ರಾಜ್ಯದ ಮಂತ್ರಿ ಚೆನ್ ಚುನ್ ಸರ್ಕಾರಿ ಹುದ್ದೆಗೆ ಜನರನ್ನು ಆರಿಸಲು ಒಂಬತ್ತು ಪಿನ್‌ಗಳ ಪದ್ಧತಿ ತಂದ. ಪ್ರತಿ ಪ್ರದೇಶಕ್ಕೂ ಒಬ್ಬ ತೀರ್ಪುಗಾರ. ಅವನು ಅಲ್ಲಿನ ಯೋಗ್ಯರ ನಡತೆ, ಸಾಮರ್ಥ್ಯ ನೋಡಿ ಅಂಕ ಕೊಡಬೇಕು. ಕೆಲವೇ ತಲೆಮಾರುಗಳಲ್ಲಿ ಮೇಲಿನ ಪಿನ್‌ಗಳೆಲ್ಲ ದೊಡ್ಡ ಮನೆತನಗಳ ಪಾಲಾದವು. ಯೋಗ್ಯತೆ ಅಳೆಯಲು ಹುಟ್ಟಿದ ಏಣಿ ಹುಟ್ಟನ್ನು ಅಳೆಯತೊಡಗಿತು.

ಹೀಗೆ ಚೀನಾದ ಒಂಬತ್ತು ಪಿನ್ ಜಪಾನಿನ ಮಣೆಯಾಟಕ್ಕೆ ಹೋಗಿ, ಅಲ್ಲಿಂದ ಜೂಡೋಗೆ ಬಂದು, 1997ರಲ್ಲಿ ಒಂಬತ್ತು ದುವಾನ್ ಆಗಿ ತವರಿಗೆ ಮರಳಿತು ಎನ್ನಬಹುದು. ಮಗಳು ತವರಿಗೆ ಬಂದಳು ಎಂದು ಸಂಭ್ರಮಿಸಬಹುದು. ಆದರೆ ಅವಳಿಲ್ಲದ ಕಾಲದಲ್ಲಿ ಆ ಮನೆ ಹೇಗೆ ನಡೆದಿತ್ತು ಎಂಬುದನ್ನೂ ನೋಡಬೇಕು.

ಮೊದಲ ಏಣಿ: ಯಾರ ಶಿಷ್ಯ?

ಹಳೆಯ ಪದ್ಧತಿಯಲ್ಲಿ ಕಲಿಯುವವರೆಲ್ಲ ಶಿಷ್ಯರಲ್ಲ. ಹಣ ಕೊಟ್ಟು ನಾಲ್ಕು ವರಸೆ ಕಲಿತು ಹೋಗುವವನು ವಿದ್ಯಾರ್ಥಿ. ಗುರುವನ್ನು ‘ವಂದಿಸಿ’ ಮನೆಯೊಳಗೆ ಬಂದವನು ಶಿಷ್ಯ. ಆ ವಂದನೆಗೆ ವಿಧಿಯಿದೆ. ಪರಿಚಯಿಸುವವನೊಬ್ಬ, ಹೊಣೆ ನಿಲ್ಲುವವನೊಬ್ಬ ಬೇಕು. ಶಿಷ್ಯ ತನ್ನ ಹೆಸರು, ಹುಟ್ಟಿದ ದಿನ, ಊರು, ವಂಶ ಬರೆದ ಪತ್ರ ಒಪ್ಪಿಸುತ್ತಾನೆ. ಪರಂಪರೆಯ ಹಿರಿಯರ ಪಟದ ಮುಂದೆ ನೆಲಕ್ಕೆ ಹಣೆ ಹಚ್ಚುತ್ತಾನೆ, ಗುರುವಿಗೂ ಗುರುಪತ್ನಿಗೂ ಚಹಾ ಕೊಡುತ್ತಾನೆ. ಅಲ್ಲಿಂದ ಅವನು ಆ ಕುಟುಂಬದವನು. ಗುರುವಿನ ಗುರು ಅಜ್ಜ. ಗುರುವಿನ ಓರಗೆಯವರು ದೊಡ್ಡಪ್ಪ, ಚಿಕ್ಕಪ್ಪ. ಜೊತೆಯಲ್ಲಿ ಕಲಿಯುವವರು ಅಣ್ಣ, ತಮ್ಮ, ಅಕ್ಕ, ತಂಗಿ.

ಇಲ್ಲಿ ಅಣ್ಣನೆಂದರೆ ವಯಸ್ಸಿನಲ್ಲಿ ದೊಡ್ಡವನು ಎಂದಲ್ಲ, ಮೊದಲು ಬಾಗಿಲು ದಾಟಿದವನು ಎಂದು. ಇಪ್ಪತ್ತರ ತರುಣ ಹತ್ತು ವರ್ಷ ಮೊದಲು ಸೇರಿದ್ದರೆ, ನಲವತ್ತರಲ್ಲಿ ಬಂದವನು ಅವನನ್ನು ಅಣ್ಣ ಎನ್ನಬೇಕು. ತಮ್ಮ ಎಷ್ಟೇ ಚುರುಕಾಗಿರಲಿ, ಅಣ್ಣನನ್ನು ಮಣ್ಣು ಮುಕ್ಕಿಸುವಷ್ಟು ಬಲಶಾಲಿಯಾಗಿರಲಿ, ಸಾಲಿನಲ್ಲಿ ಹಿಂದೆಯೇ ನಿಲ್ಲುತ್ತಾನೆ. ಅಂದರೆ ಈ ಏಣಿಯಲ್ಲಿ ಯಾರೂ ಯಾರನ್ನೂ ದಾಟಲಾರರು. ಇದು ಕನ್‌ಫ್ಯೂಶಿಯಸ್ ಚಿಂತನೆಯ ಮನೆ. ಸಂಬಂಧಗಳು ಮೊದಲು ನೇರವಾಗಲಿ, ಉಳಿದದ್ದು ತಾನಾಗಿ ನೇರವಾಗುತ್ತದೆ ಎಂಬ ನಂಬಿಕೆ. ಹೊಡೆದಾಟವನ್ನೇ ಕಲಿಸುವ ಕಡೆ ಈ ಸಾಲು ಹೊಡೆದಾಟದಿಂದ ಬದಲಾಗದಂತೆ ನೋಡಿಕೊಂಡದ್ದರಲ್ಲಿ ಲೋಕಜ್ಞಾನವಿದೆ. ಬಲದಿಂದ ಸ್ಥಾನ ಸಿಗುವುದಾದರೆ ಪ್ರತಿ ಸಂಜೆಯೂ ಸ್ಥಾನಕ್ಕಾಗಿ ಕಾದಾಟವೇ.

ಶಾವೊಲಿನ್ ಮಠದಲ್ಲಿ ಈ ಲೆಕ್ಕ ಹೆಸರಿನಲ್ಲೇ ಇದೆ. ಹದಿಮೂರನೆಯ ಶತಮಾನದ ಮಠಾಧಿಪತಿ ಫುಯು ರಚಿಸಿದ್ದೆಂದು ಹೇಳುವ ಎಪ್ಪತ್ತು ಅಕ್ಷರಗಳ ಪದ್ಯವೊಂದಿದೆ. ಪ್ರತಿ ತಲೆಮಾರಿನ ದೀಕ್ಷಿತರಿಗೆ ಅದರ ಮುಂದಿನ ಅಕ್ಷರ ಹೆಸರಾಗಿ ಸೇರುತ್ತದೆ. ‘ಶಿ ಯಾನ್’ ಎಂದು ಹೆಸರು ಶುರುವಾದರೆ ಅವನು ಮೂವತ್ತನಾಲ್ಕನೆಯ ತಲೆಮಾರಿನವನು. ಹೆಸರು ಕೇಳಿದ ಕೂಡಲೇ ಯಾರು ಯಾರಿಗೆ ತಲೆಬಾಗಬೇಕೆಂದು ಗೊತ್ತಾಗುತ್ತದೆ. ಅವನ ಒದೆತ ಎಷ್ಟು ಎತ್ತರ ಹೋಗುತ್ತದೆಂದು ಮಾತ್ರ ಗೊತ್ತಾಗುವುದಿಲ್ಲ.

ಈ ಏಣಿಗೆ ಹತ್ತಲು ಬೇಕಾದ ಅರ್ಹತೆಯೂ ಗಮನಾರ್ಹ. ಹದಿನೇಳನೆಯ ಶತಮಾನದಲ್ಲಿ ಹುವಾಂಗ್ ಬೈಜಿಯಾ ತನ್ನ ಗುರು ವಾಂಗ್ ಜೆಂಗ್‌ನಾನ್ ಕಲಿಸಿದ ಮುಷ್ಟಿವಿದ್ಯೆಯನ್ನು ಬರೆದಿಟ್ಟ. ಅದರಲ್ಲಿ ಐದು ಬಗೆಯವರಿಗೆ ವಿದ್ಯೆ ಕೊಡಬಾರದೆಂಬ ಪಟ್ಟಿಯಿದೆ: ಮನಸ್ಸಿನಲ್ಲಿ ಕೇಡುಳ್ಳವನು, ಜಗಳಗಂಟ, ಕುಡುಕ, ಕಲಿತದ್ದನ್ನು ತೋರಿಸಿಕೊಂಡು ತಿರುಗುವವನು, ಮೈಯಲ್ಲಿ ಕಸುವಿಲ್ಲದ ಮಂದಬುದ್ಧಿ. ಐದರಲ್ಲಿ ನಾಲ್ಕು ನಡತೆಗೆ ಸಂಬಂಧಿಸಿದವು. ಮೈಯ ಯೋಗ್ಯತೆ ಬರುವುದು ಕೊನೆಗೆ. ಹಾಗಾಗಿ ಹಳೆಯ ಗುರುಗಳು ಹೊಸಬನಿಗೆ ತಿಂಗಳುಗಟ್ಟಲೆ ನಿಲ್ಲುವುದನ್ನು, ಗುಡಿಸುವುದನ್ನು ಬಿಟ್ಟು ಬೇರೇನೂ ಹೇಳಿಕೊಡದಿದ್ದರೆ, ಅದರ ಹಿಂದೆ ಹುಡುಗನ ಸ್ವಭಾವ ನೋಡುವ ಉದ್ದೇಶವೂ ಇರುತ್ತಿತ್ತು.

ಇದರ ಕೆಟ್ಟ ಮುಖವನ್ನೂ ಹೇಳಬೇಕು. ಗುಟ್ಟು ಬಿಟ್ಟುಕೊಡದ ಜಿಪುಣತನ, ಹೊರಗಿನವರಿಗೆ ಅರೆಬರೆ ಪಾಠ, ಹೆಣ್ಣುಮಕ್ಕಳಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲು, ಗುರು ತಪ್ಪಿದರೆ ಕೇಳುವವರಿಲ್ಲದ ಸ್ಥಿತಿ. ಎಷ್ಟೋ ವರಸೆಗಳು ಯೋಗ್ಯ ಶಿಷ್ಯ ಸಿಗಲಿಲ್ಲವೆಂಬ ನೆಪದಲ್ಲಿ ಗುರುವಿನ ಜೊತೆಗೇ ಮಣ್ಣಾದವು.

ಎರಡನೆಯ ಏಣಿ: ಏನು ಬಲ್ಲ?

ಸೈನ್ಯಕ್ಕೆ ವಂಶಾವಳಿಯಿಂದ ಕೆಲಸವಿಲ್ಲ. ಯಾರು ಬಿಲ್ಲೆಳೆಯಬಲ್ಲರು ಎಂಬುದಷ್ಟೇ ಬೇಕು. 702ರಲ್ಲಿ ಸಾಮ್ರಾಜ್ಞಿ ವು ತ್ಸೆತ್ಯೆನ್ ಕಾಲದಲ್ಲಿ ಸೈನಿಕ ಪರೀಕ್ಷೆ ಶುರುವಾಯಿತು. ನಡುನಡುವೆ ನಿಂತರೂ 1901ರವರೆಗೆ ಬಾಳಿತು. ಚಿಂಗ್ ವಂಶದ ಕಾಲದಲ್ಲಿ ಅದರ ನಿಯಮಗಳು ದಿನಸಿ ಅಂಗಡಿಯ ತಕ್ಕಡಿಯಷ್ಟು ಖಚಿತ. ಮೊದಲು ಓಡುವ ಕುದುರೆಯ ಮೇಲಿಂದ ಬಾಣ, ಆಮೇಲೆ ನೆಲದ ಮೇಲೆ ನಿಂತು ಬಾಣ. ಬಳಿಕ ಬಲಪರೀಕ್ಷೆ: ಮೂರು ದರ್ಜೆಯ ಗಟ್ಟಿ ಬಿಲ್ಲುಗಳು, 80, 100, 120 ಜಿನ್ ತೂಕದ ಉದ್ದ ಹಿಡಿಯ ಕತ್ತಿಗಳು, 200, 250, 300 ಜಿನ್ ತೂಕದ ಕಲ್ಲುಗಳು. ಒಂದು ಜಿನ್ ಎಂದರೆ ಸುಮಾರು 600 ಗ್ರಾಂ. ಅಂದರೆ ಎಲ್ಲಕ್ಕಿಂತ ಭಾರದ ಕತ್ತಿ 70 ಕಿಲೋ ದಾಟುತ್ತಿತ್ತು. ಯುದ್ಧದಲ್ಲಿ ಅಂಥ ಕತ್ತಿಯನ್ನು ಯಾರೂ ಬೀಸುವುದಿಲ್ಲ. ಅದು ಅಳೆಯುವುದಕ್ಕಾಗಿಯೇ ಮಾಡಿದ ಸಾಧನ. ಲಿಖಿತ ಪರೀಕ್ಷೆಯೂ ಇತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಬಂಧ ಬರೆಸುವುದನ್ನು ಬಿಟ್ಟು, ಯುದ್ಧಶಾಸ್ತ್ರದ ಗ್ರಂಥಗಳಿಂದ ನೂರರಷ್ಟು ಅಕ್ಷರಗಳನ್ನು ನೆನಪಿನಿಂದ ಬರೆದರೆ ಸಾಕೆಂದರು.

ಈ ಇಡೀ ಪರೀಕ್ಷೆಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಎದುರು ನಿಲ್ಲುವ ಸಂದರ್ಭವೇ ಇರಲಿಲ್ಲ. ಗುರಿಗೆ ಬಿದ್ದ ಬಾಣವನ್ನು ಎಣಿಸಬಹುದು, ಕಲ್ಲನ್ನು ತೂಗಬಹುದು. ಎದುರಾಳಿಯ ಹೆಜ್ಜೆಯನ್ನು ಮೊದಲೇ ಅರಿಯುವ ಜಾಣ್ಮೆಯನ್ನು ತೂಗುವುದು ಹೇಗೆ? ಸರ್ಕಾರದ ಏಣಿಯ ಶಕ್ತಿಯೂ ಇದೇ, ಮಿತಿಯೂ ಇದೇ. ಅಳೆಯಲು ಬರುವುದನ್ನು ಅದು ಪ್ರಾಮಾಣಿಕವಾಗಿ ಅಳೆಯುತ್ತದೆ. ಅಳೆಯಲು ಬಾರದ್ದು ಅದರ ಪಾಲಿಗೆ ಇಲ್ಲವೇ ಇಲ್ಲ.

ಹದಿನಾರನೆಯ ಶತಮಾನದ ಮಿಂಗ್ ಸೇನಾಪತಿ ಚಿ ಜಿಗುವಾಂಗ್ ಇದನ್ನು ಇನ್ನಷ್ಟು ಚೆನ್ನಾಗಿ ಬಳಸಿದ. ಕರಾವಳಿಯನ್ನು ದೋಚುತ್ತಿದ್ದ ಕಡಲ್ಗಳ್ಳರನ್ನು ಎದುರಿಸಲು ರೈತರ, ಗಣಿಕಾರ್ಮಿಕರ ಮಕ್ಕಳಿಂದ ಸೈನ್ಯ ಕಟ್ಟಿದವನು ಅವನು. ಅವನ ಸೇನಾ ಕೈಪಿಡಿಯಲ್ಲಿ ಆಯುಧವಿದ್ಯೆಗೆ ಮೇಲು, ನಡು, ಕೆಳ ಎಂದು ಮೂರು ವರ್ಗ, ಪ್ರತಿ ವರ್ಗದಲ್ಲಿ ಮೂರು ಮಟ್ಟ, ಒಟ್ಟು ಒಂಬತ್ತು. ಮುಂದಿನ ಪರೀಕ್ಷೆಯಲ್ಲಿ ಒಂದು ಮಟ್ಟ ಏರಿದವನಿಗೆ ಬೆಳ್ಳಿ, ಒಂದು ವರ್ಗವೇ ಏರಿದವನಿಗೆ ಇನ್ನೂ ಹೆಚ್ಚು ಬೆಳ್ಳಿ. ಮತ್ತೆ ಮತ್ತೆ ಅದೇ ಮಟ್ಟದಲ್ಲಿ ನಿಂತವನಿಗೆ ಕೋಲಿನ ಏಟು. ಗಮನಿಸಿ, ಬಹುಮಾನ ಮಟ್ಟಕ್ಕಲ್ಲ, ಏರಿಕೆಗೆ. ಮೇಲಿನ ವರ್ಗದಲ್ಲಿ ಕೂತು ಬೆಳೆಯದವನಿಗಿಂತ ಕೆಳಗಿನಿಂದ ಒಂದು ಮೆಟ್ಟಿಲು ಹತ್ತಿದ ಹಳ್ಳಿಗನಿಗೆ ಅಂದು ಸಂಜೆ ಕೈಯಲ್ಲಿ ಕಾಸಿರುತ್ತಿತ್ತು. ನಮ್ಮ ಶಾಲೆಗಳ ಅಂಕಪಟ್ಟಿಗಳೂ ಇಷ್ಟು ಬುದ್ಧಿವಂತಿಕೆ ತೋರಿಸಿದ್ದು ಕಡಿಮೆ.

ಮೂರನೆಯ ಏಣಿ: ಏನಾದ?

ಈಗ ನಿಜವಾದ ತತ್ವದ ಭಾಗಕ್ಕೆ ಬರೋಣ. ದಾವ್ ಪಂಥದ ಗ್ರಂಥವಾದ ‘ಜುವಾಂಗ್‌ಜಿ’ಯಲ್ಲಿ ಕಾಳಗದ ಹುಂಜ ಪಳಗಿಸುವವನ ಕಥೆಯೊಂದಿದೆ. ಕರಾವಳಿಯ ಕೋಳಿ ಅಂಕ ಕಂಡವರಿಗೆ ಇದು ಬೇಗ ಹತ್ತುತ್ತದೆ. ರಾಜನೊಬ್ಬ ತನ್ನ ಹುಂಜವನ್ನು ಪಳಗಿಸಲು ಕೊಡುತ್ತಾನೆ. ಹತ್ತು ದಿನ ಕಳೆದು, ಸಿದ್ಧವಾಯಿತೇ ಎಂದು ಕೇಳುತ್ತಾನೆ. ಇಲ್ಲ, ಇನ್ನೂ ಸೊಕ್ಕಿದೆ ಎಂದು ಉತ್ತರ. ಮತ್ತೆ ಹತ್ತು ದಿನ. ಇಲ್ಲ, ಇನ್ನೂ ಸದ್ದಿಗೆ, ನೆರಳಿಗೆ ಕೆರಳುತ್ತದೆ. ಮತ್ತೆ ಹತ್ತು ದಿನ. ಇಲ್ಲ, ಕಣ್ಣು ಕೆಕ್ಕರಿಸುವುದು ಇನ್ನೂ ಹೋಗಿಲ್ಲ. ನಲವತ್ತನೆಯ ದಿನ ಪಳಗಿಸುವವನು ಸರಿ ಎನ್ನುತ್ತಾನೆ. ಬೇರೆ ಹುಂಜ ಕೂಗಿದರೂ ಇದು ಅಲುಗುತ್ತಿಲ್ಲ, ಮರದ ಗೊಂಬೆಯಂತಿದೆ, ಇದನ್ನು ಕಂಡ ಹುಂಜಗಳು ತಿರುಗಿ ಓಡುತ್ತಿವೆ ಎಂದು.

ನಾಲ್ಕು ಹಂತಗಳಾದವು. ಯಾವ ಹಂತದಲ್ಲೂ ಹುಂಜ ಹೊಸ ಪಟ್ಟು ಕಲಿತದ್ದು ಹೇಳಿಲ್ಲ. ಪ್ರತಿ ಹಂತದಲ್ಲೂ ಒಂದೊಂದು ಉದುರಿದೆ: ಸೊಕ್ಕು, ಬೆಚ್ಚುವಿಕೆ, ಸಿಟ್ಟಿನ ಪ್ರದರ್ಶನ. ಸರ್ಕಾರದ ಏಣಿ ಕೂಡುವ ಲೆಕ್ಕ. ಇದು ಕಳೆಯುವ ಲೆಕ್ಕ. ಚೀನಾದ ಒಳಮುಖಿ ಸಮರಕಲೆಗಳ ದರ್ಜೆಗಳನ್ನೆಲ್ಲ ಈ ಬೆಳಕಿನಲ್ಲಿ ನೋಡಿದರೆ ಅವುಗಳ ಒಳಗುಟ್ಟು ತಿಳಿಯುತ್ತದೆ.

ಆಗಲೇ ಹೇಳಿದ ವೇಯ್‌ಚಿ ಆಟದ ಒಂಬತ್ತು ಪಿನ್‌ಗಳಿಗೆ ಇದ್ದ ಹೆಸರುಗಳನ್ನೇ ನೋಡಿ. ಸುಂಗ್ ಕಾಲದ ಗ್ರಂಥವೊಂದು ಅವನ್ನು ಪಟ್ಟಿ ಮಾಡಿದೆ. ಲೆಕ್ಕ ಅಲ್ಲಿ ತಲೆಕೆಳಗು. ಒಂದೇ ಎಲ್ಲಕ್ಕಿಂತ ಮೇಲು. ತೀರಾ ಕೆಳಗಿನ ಒಂಬತ್ತನೆಯವನು ತನ್ನ ಒರಟುತನವನ್ನು ಕಾಪಾಡಿಕೊಳ್ಳುವವನು. ಎಂಟನೆಯವನು ಪೆದ್ದನಂತೆ ಕಾಣುವವನು. ಏಳನೆಯವನು ಬಲದಿಂದ ಹೊಡೆದಾಡುವವನು. ಅದರ ಮೇಲೆ ಸಣ್ಣಪುಟ್ಟ ಚಾತುರ್ಯದವನು, ಅದರ ಮೇಲೆ ಬುದ್ಧಿ ಬಳಸುವವನು. ಹೀಗೆ ಏರುತ್ತ ಎರಡನೆಯದರಲ್ಲಿ ಕೂತಲ್ಲೇ ಎಲ್ಲ ಬೆಳಗುವವನು, ಮೊದಲನೆಯದರಲ್ಲಿ ದೈವಿಕವಾದುದನ್ನು ಹೊಕ್ಕವನು. ನಾವು ಎತ್ತರದಲ್ಲಿ ಇಡುವ ಹೊಡೆದಾಟದ ಬಲಕ್ಕೆ ಇಲ್ಲಿ ಕೆಳಗಿನಿಂದ ಮೂರನೆಯ ಸ್ಥಾನ. ಇನ್ನೊಂದು ಮಾತು: ತೀರಾ ಕೆಳಗಿನವನಿಗೂ ಒಂದು ಗುಣದ ಹೆಸರಿದೆ. ತನಗೆ ಬಾರದ್ದನ್ನು ಬಾರದೆಂದು ಒಪ್ಪಿ, ಅವಸರಪಡದೆ ಆಡುವುದೂ ಒಂದು ದರ್ಜೆಯೇ.

ಸಮರಕಲೆಯಲ್ಲಿ ಇಂಥ ದರ್ಜೆಯ ಅತ್ಯಂತ ಸ್ಪಷ್ಟ ವಿವರಣೆ ಶಿಂಗ್‌ಯಿ ಪಂಥದ್ದು. ಹತ್ತೊಂಬತ್ತನೆಯ ಶತಮಾನದ ಗುವೊ ಯುನ್‌ಶೆನ್ ಅರ್ಧ ಹೆಜ್ಜೆಯ ನೇರ ಗುದ್ದಿಗೆ ಹೆಸರಾದವನು. ಅವನ ಮಾತುಗಳನ್ನು ಅದೇ ಪಂಥದ ಸುನ್ ಲೂಟಾಂಗ್ 1920ರ ದಶಕದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅಲ್ಲಿ ಮೂರು ಹಂತಗಳಿವೆ. ಮೊದಲು ಹೊರಗೆ ಕಾಣುವ ಬಲ: ಕೈ ಕಾಲು ಒಟ್ಟಿಗೆ ತಲುಪಬೇಕು, ಏಳುವುದು ಬೀಳುವುದು ಅಚ್ಚುಕಟ್ಟಾಗಿರಬೇಕು, ಮೈಯೆಲ್ಲ ಒಂದೇ ತುಂಡಾಗಬೇಕು. ಎರಡನೆಯದು ಅಡಗಿದ ಬಲ: ಬಿಗಿ ಸಡಿಲಿಸಬೇಕು, ಆದರೆ ಸಡಿಲಿಕೆ ಖಾಲಿಯಾಗಬಾರದು. ಮೂರನೆಯದು ಕರಗಿದ ಬಲ: ಬಲ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆಂದು ಎದುರಾಳಿಗೆ ಸುಳಿವೇ ಸಿಗದು. ಈ ಮೂರಕ್ಕೆ ಸಮನಾಗಿ ಮೂಳೆ ಮಾರ್ಪಡುವುದು, ಸ್ನಾಯು ಮಾರ್ಪಡುವುದು, ಮಜ್ಜೆ ತೊಳೆಯುವುದು ಎಂಬ ಮೈಯ ಹಂತಗಳೂ, ದಾವ್ ಸಾಧಕರ ಒಳಸಾಧನೆಯ ಹಂತಗಳೂ ಇವೆ. ಒಂದೇ ಗುದ್ದನ್ನು ಮೂರು ಹಂತಗಳಲ್ಲೂ ಅಭ್ಯಾಸ ಮಾಡುತ್ತಾರೆ ಎಂಬುದು ಮುಖ್ಯ. ಮೇಲಿನ ದರ್ಜೆಗೆ ಹೊಸ ಪಾಠವಿಲ್ಲ. ಪಾಠ ಹಳೆಯದೇ, ಮಾಡುವವನು ಹೊಸಬ.

ತಾಯ್ ಚಿಯ ತವರಾದ ಹೆನಾನ್ ಪ್ರಾಂತದ ಚೆನ್ ಹಳ್ಳಿಯಲ್ಲಿ ಇನ್ನೊಂದು ಲೆಕ್ಕವಿದೆ. ಚೆನ್ ಶಿನ್ ಬರೆದಿಟ್ಟ, ನಮ್ಮ ಕಾಲದಲ್ಲಿ ಅದೇ ಮನೆತನದ ಚೆನ್ ಶಿಯಾವ್‌ವಾಂಗ್ ಐದು ಹಂತಗಳಾಗಿ ಬಿಡಿಸಿ ಹೇಳಿದ ಲೆಕ್ಕ ಅದು. ಹೊಸಬನಲ್ಲಿ ಒಂದು ಪಾಲು ಮೆದುವಾದ ಯಿನ್, ಒಂಬತ್ತು ಪಾಲು ಗಟ್ಟಿಯಾದ ಯಾಂಗ್. ಅಂದರೆ ಬರೀ ಬಿಗಿ. ಆಮೇಲೆ ಎರಡಕ್ಕೆ ಎಂಟು, ಮೂರಕ್ಕೆ ಏಳು, ನಾಲ್ಕಕ್ಕೆ ಆರು. ಐದಕ್ಕೆ ಐದಾದವನೇ ನಿಜವಾದ ನುರಿತ ಕೈ. ಹತ್ತಕ್ಕೆ ಹತ್ತು ಅಂಕ ಪಡೆಯುವ ಆಸೆಗೆ ಇಲ್ಲಿ ಜಾಗವಿಲ್ಲ. ಗುರಿ ಸಮತೂಕ.

ಇದನ್ನು ಪರೀಕ್ಷಿಸುವುದು ಹೇಗೆ? ಕಣ್ಣಿನಿಂದ ಆಗದು, ಮುಟ್ಟಿಯೇ ತಿಳಿಯಬೇಕು. ಇಬ್ಬರು ಒಂದೊಂದು ಕಾಲು ಮುಂದಿಟ್ಟು ಎದುರುಬದುರು ನಿಲ್ಲುತ್ತಾರೆ. ಮುಂಗೈಗೆ ಮುಂಗೈ ತಾಗಿದೆ. ಗುರು ನಿಧಾನವಾಗಿ ಒತ್ತುತ್ತಾನೆ. ಹೊಸಬನ ಭುಜ ಮೇಲೇಳುತ್ತದೆ, ಉಸಿರು ಕಟ್ಟುತ್ತದೆ, ಅವನು ಎದುರು ನೂಕುತ್ತಾನೆ. ಗುರು ಒತ್ತಡ ತೆಗೆದ ಕ್ಷಣ ಮುಂದಕ್ಕೆ ಮುಗ್ಗರಿಸುತ್ತಾನೆ. ಸ್ವಲ್ಪ ಕಲಿತವನು ನೂಕುವುದಿಲ್ಲ, ಆದರೆ ಕುಸಿಯುತ್ತಾನೆ. ಮುಂಗೈ ಎದೆಗೆ ಅಂಟಿಬಿಡುತ್ತದೆ. ಇನ್ನೂ ಮುಂದೆ ಹೋದವನು ಬಂದ ಒತ್ತಡವನ್ನು ಸೊಂಟ ತಿರುಗಿಸಿ ಪಕ್ಕಕ್ಕೆ ಹರಿಯಬಿಡುತ್ತಾನೆ, ಆದರೆ ತಿರುಗುವುದು ಒಂದು ಚೂರು ತಡ. ಆ ತಡದಲ್ಲೇ ಅವನ ದರ್ಜೆ ಇದೆ. ಅರೆ ನಿಮಿಷದಲ್ಲಿ ಗುರುವಿಗೆ ಎಲ್ಲ ಗೊತ್ತಾಗುತ್ತದೆ, ಶಿಷ್ಯನಿಗೂ ಗೊತ್ತಾಗುತ್ತದೆ. ದೂರದಲ್ಲಿ ನಿಂತು ನೋಡುವವನಿಗೆ ಮಾತ್ರ ಇಬ್ಬರು ಕೈ ಆಡಿಸಿದಂತೆ ಕಾಣುತ್ತದೆ.

ಮೂರನೆಯ ಏಣಿಯ ಸೊಗಸು ಇಲ್ಲಿದೆ, ಅಪಾಯವೂ ಇಲ್ಲೇ ಇದೆ. ಅದು ಲೋಕಕ್ಕೆ ತೋರಿಸಲು ಹುಟ್ಟಿದ್ದಲ್ಲ. ನಾಳೆ ಬೆಳಿಗ್ಗೆ ಅಭ್ಯಾಸದಲ್ಲಿ ಏನನ್ನು ಬಿಡಬೇಕು ಎಂದು ಸಾಧಕನಿಗೆ ಹೇಳಲು ಹುಟ್ಟಿದ್ದು. ಹೊರಗಿನವರಿಗೆ ಕಾಣದ ಕಾರಣ ಸುಳ್ಳು ಹೇಳುವುದೂ ಸುಲಭ.

ಏಣಿಗಳು ಕಲಸಿಹೋದ ಶತಮಾನ

ಹಳೆಯ ಕಾಲದಲ್ಲಿ ಈ ಸುಳ್ಳಿಗೆ ಎರಡು ತಡೆಗಳಿದ್ದವು. ಒಂದು ಸೈನಿಕ ಪರೀಕ್ಷೆ. ಅದು 1901ರಲ್ಲಿ ರದ್ದಾಯಿತು. ಇನ್ನೊಂದು ಹೊಟ್ಟೆಪಾಡು. ಉತ್ತರ ಚೀನಾದ ಎಷ್ಟೋ ಪ್ರಸಿದ್ಧ ಗುರುಗಳು ವರ್ತಕರ ಬೆಳ್ಳಿ, ಸರಕುಗಳಿಗೆ ಕಾವಲು ಹೋಗುವ ಕಂಪನಿಗಳಲ್ಲಿ ದುಡಿದವರು. ವಿದ್ಯೆ ಸುಳ್ಳಾದರೆ ದಾರಿಯಲ್ಲಿ ಪ್ರಾಣ ಹೋಗುತ್ತಿತ್ತು. ರೈಲು ಬಂತು, ಬ್ಯಾಂಕು ಬಂತು, ಬಂದೂಕು ಬಂತು. ಬೀಜಿಂಗ್‌ನ ಹೆಸರಾಂತ ಹುಯ್‌ಯೊ ಕಾವಲು ಕಂಪನಿ 1921ರಲ್ಲಿ ಬಾಗಿಲು ಹಾಕಿತು. ಇಪ್ಪತ್ತೇ ವರ್ಷಗಳಲ್ಲಿ ಇಬ್ಬರು ಪರೀಕ್ಷಕರೂ ಇಲ್ಲವಾದರು. ಉಳಿದದ್ದು ವಂಶಾವಳಿ ಮತ್ತು ಮಾತು.

ಆ ಖಾಲಿ ಜಾಗಕ್ಕೆ ಸಂಸ್ಥೆಗಳು ಬಂದವು. ಪ್ರಸಿದ್ಧ ಸಮರಕಲಾವಿದ ಹುವೊ ಯುವಾನ್‌ಜಿಯಾ ಹೆಸರಿನೊಂದಿಗೆ 1910ರಲ್ಲಿ ಶಾಂಘೈನಲ್ಲಿ ಹುಟ್ಟಿದ ಜಿಂಗ್‌ವು ಸಂಘ ಗುರುವಂದನೆಯ ಹೊಸ್ತಿಲನ್ನೇ ತೆಗೆದುಹಾಕಿತು. ಬೇರೆ ಬೇರೆ ಪಂಥಗಳ ವರಸೆಗಳನ್ನು ಸೇರಿಸಿ ಎಲ್ಲರಿಗೂ ಒಂದೇ ಪಠ್ಯ. ಪ್ರಾಥಮಿಕ, ಮಾಧ್ಯಮಿಕ, ಉನ್ನತ ಎಂದು ಹಂತಗಳು. ಹೆಣ್ಣುಮಕ್ಕಳಿಗೂ ಪ್ರವೇಶ. ಸಮರಕಲೆ ಮನೆಯಿಂದ ಶಾಲೆಗೆ ಬಂತು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಜಾಂಗ್ ಜಿಜಿಯಾಂಗ್ ನೇತೃತ್ವದಲ್ಲಿ ಕೇಂದ್ರ ಗುವೊಶು (ಸಮರಕಲೆ) ಸಂಸ್ಥೆ ಆರಂಭವಾಯಿತು. ಪಂಥಗಳ ಜಗಳ ಮುರಿಯಬೇಕೆಂಬುದು ಅದರ ಉದ್ದೇಶ. ಆದರೆ ಅದು ತನ್ನನ್ನೇ ಶಾವೊಲಿನ್, ವುಡಾಂಗ್ ಎಂಬ ಪಂಥಗಳ ಹೆಸರಿನ ಎರಡು ವಿಭಾಗ ಮಾಡಿಕೊಂಡಿತು. ಎರಡರ ನಡುವೆ ಹೊಡೆದಾಟವೇ ಹುಟ್ಟಿ ಆ ವಿಂಗಡಣೆಯನ್ನು ಕೈಬಿಡಬೇಕಾಯಿತು. ಅದೇ ವರ್ಷ ನಡೆದ ರಾಷ್ಟ್ರೀಯ ಪರೀಕ್ಷೆಯಲ್ಲಿ ಸ್ಪರ್ಧಿಗಳು ನಿಜವಾಗಿಯೇ ಎದುರುಬದುರಾಗಿ ಕಾದಾಡಿದರು, ಹಲವರು ಗಾಯಗೊಂಡರು. ಹಳೆಯ ಸಾಮ್ರಾಜ್ಯ ಪರೀಕ್ಷೆಯಲ್ಲಿ ಕಾದಾಟವನ್ನೇಕೆ ಬಿಟ್ಟಿತ್ತು ಎಂಬುದಕ್ಕೆ ಗಣರಾಜ್ಯಕ್ಕೆ ಉತ್ತರ ಸಿಕ್ಕಿತು.

1997ರ ದುವಾನ್ ವ್ಯವಸ್ಥೆ ಈ ಸಾಲಿನ ಕೊನೆಯ ಕೊಂಡಿ. ಒಂದರಿಂದ ಮೂರು ಹದ್ದು, ನಾಲ್ಕರಿಂದ ಆರು ಹುಲಿ, ಏಳರಿಂದ ಒಂಬತ್ತು ಡ್ರ್ಯಾಗನ್. ಕೆಳಗಿನ ದರ್ಜೆಗಳಲ್ಲಿ ವರಸೆಯ ಪರೀಕ್ಷೆ; ಮೇಲೇರಿದಂತೆ ಸಂಶೋಧನೆ, ಬೋಧನೆ, ವಿದ್ಯೆಗೆ ಸಲ್ಲಿಸಿದ ಸೇವೆ, ನಡತೆ. ಇದನ್ನು ಹಗುರವಾಗಿ ನೋಡಬೇಕಿಲ್ಲ. ಯಾವ ಗುರುವಿನ ಮನೆಯವನೂ ಅಲ್ಲದವನಿಗೆ, ಹೆಣ್ಣುಮಕ್ಕಳಿಗೆ, ಹೊರದೇಶದವರಿಗೆ ಅದು ಒಂದೇ ಅಳತೆ ಕೊಟ್ಟಿದೆ. ಆದರೆ ಅದು ಎರಡನೆಯ ಏಣಿಯೇ. ಅದರ ಮೇಲಿನ ಮೆಟ್ಟಿಲುಗಳು ಗೌರವ ಪದವಿಗಳು. ಮುಂಗೈ ಮುಟ್ಟಿ ಕೊಟ್ಟವಲ್ಲ.

ಮೊದಲ ಏಣಿಯ ಸೋಗು ಹೇಗೆ ಬಯಲಾಗುತ್ತದೆಂಬುದನ್ನು 2017ರ ಏಪ್ರಿಲ್‌ನಲ್ಲಿ ಚೆಂಗ್ಡುವಿನಲ್ಲಿ ಲೋಕ ಕಂಡಿತು. ಮಿಶ್ರ ಸಮರಕಲೆಯ ಶು ಶಿಯಾವ್‌ಡಾಂಗ್ ಎದುರು ತಾಯ್ ಚಿ ಗುರುವೆಂದು ಹೆಸರಾದವರೊಬ್ಬರು ಅರ್ಧ ನಿಮಿಷವೂ ನಿಲ್ಲಲಿಲ್ಲ. ತಾಯ್ ಚಿಯೇ ಸುಳ್ಳೆಂದು ಕೆಲವರು ಕುಣಿದರು, ಅದು ನಿಜವಾದ ತಾಯ್ ಚಿಯೇ ಅಲ್ಲವೆಂದು ಕೆಲವರು ಸಮಜಾಯಿಷಿ ಕೊಟ್ಟರು. ನನ್ನ ಪ್ರಕಾರ ಅಲ್ಲಿ ಸೋತದ್ದು ಏಣಿಗಳ ಗೊಂದಲ. ‘ಯಾರ ಶಿಷ್ಯ’ ಎಂಬುದಕ್ಕಿದ್ದ ಉತ್ತರವನ್ನು ‘ಏನು ಬಲ್ಲ’ ಎಂಬುದಕ್ಕೆ ಕೊಡಲಾಗಿತ್ತು. 2020ರಲ್ಲಿ ಚೀನಾದ ವುಶು ಸಂಘವೇ, ಯಾರೂ ತಮ್ಮನ್ನು ತಾವು ಮಹಾಗುರು, ಪಂಥದ ಒಡೆಯ ಎಂದು ಕರೆದುಕೊಳ್ಳಬಾರದೆಂದು ತಿಳಿಹೇಳಬೇಕಾಯಿತು.

ನಮ್ಮ ಊರಿಗೆ ಒಂದು ಮಾತು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಈಗ ಕುಂಗ್ ಫು, ವುಶು, ತಾಯ್ ಚಿ ಎಂದು ಬೋರ್ಡು ಹಾಕಿದ ತರಗತಿಗಳಿವೆ. ಬಹುಪಾಲು ಕಡೆ ಬಣ್ಣದ ಬೆಲ್ಟೂ ಇದೆ, ಬೆಲ್ಟಿಗೊಂದು ಪರೀಕ್ಷಾ ಶುಲ್ಕವೂ ಇದೆ. ಬೆಲ್ಟ್ ಚೀನಾದ್ದಲ್ಲ ಎಂಬ ಕಾರಣಕ್ಕೆ ಅದನ್ನು ಹಳಿಯುವುದು ಸರಿಯಲ್ಲ. ಮಕ್ಕಳಿಗೆ ಕಣ್ಣಿಗೆ ಕಾಣುವ ಮೆಟ್ಟಿಲು ಬೇಕು. ಚಿ ಜಿಗುವಾಂಗ್‌ನ ಸೈನಿಕರಿಗೂ ಬೇಕಿತ್ತು. ಆದರೆ ಬೆಲ್ಟ್ ಒಂದು ಪ್ರಶ್ನೆಗೆ ಮಾತ್ರ ಉತ್ತರ. ಉಳಿದೆರಡನ್ನು ತಂದೆತಾಯಿಗಳೇ ಕೇಳಬೇಕು.

ಕಲಿಸುವವರು ಯಾರಲ್ಲಿ ಕಲಿತರು, ಎಷ್ಟು ಕಾಲ ಕಲಿತರು ಎಂದು ಕೇಳಿ. ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ. ಮಗು ಏನು ಮಾಡಬಲ್ಲದು ಎಂಬುದನ್ನು ಪ್ರಮಾಣಪತ್ರದಲ್ಲಿ ನೋಡಬೇಡಿ, ಇನ್ನೊಂದು ಮಗುವಿನ ಜೊತೆ ಅಭ್ಯಾಸಕ್ಕೆ ನಿಂತಾಗ ನೋಡಿ. ಕೊನೆಯದಾಗಿ, ಎರಡು ವರ್ಷ ಕಲಿತ ಮೇಲೆ ಮಗುವಿನಿಂದ ಏನು ಉದುರಿದೆ ಎಂದು ಗಮನಿಸಿ. ಅಂಜಿಕೆ ಕಡಿಮೆಯಾಗಿದೆಯೇ? ಜಂಬ ಕಡಿಮೆಯಾಗಿದೆಯೇ? ಬೀದಿಯಲ್ಲಿ ಯಾರೋ ಕೆಣಕಿದರೆ ಸುಮ್ಮನೆ ನಡೆದು ಬರುವುದು ಸುಲಭವಾಗಿದೆಯೇ? ಹೌದು ಎಂದಾದರೆ ಸೊಂಟದಲ್ಲಿ ಯಾವ ಬಣ್ಣದ ಪಟ್ಟಿ ಇದ್ದರೂ ಆ ತರಗತಿ ಒಳ್ಳೆಯದು. ಜಂಬ ಹೆಚ್ಚಿದ್ದರೆ ಕಪ್ಪು ಬೆಲ್ಟೇ ಬಂದಿರಲಿ, ಕಲಿಸಿದವರಿಗೆ ಕಲಿಸಲು ಬಂದಿಲ್ಲ ಎಂದೇ ಅರ್ಥ.

ಮಗುವನ್ನು ಸೇರಿಸುವ ಮುನ್ನ ಒಂದು ಸಂಜೆ ಆ ತರಗತಿಯಲ್ಲಿ ಮೂಲೆಯೊಂದರಲ್ಲಿ ಕುಳಿತು ನೋಡಿ. ಶುಲ್ಕದ ವಿಚಾರ ಆಮೇಲೆ ಕೇಳಿ.